ಹುಳುಕಡ್ಡಿಗೆ ಮುಲಾಮು: ಯಾವುದು, ಎಷ್ಟು, ಎಷ್ಟು ದಿನ?

(ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೇಸಾಯಶಾಸ್ತ್ರದ ಅಧ್ಯಾಪಕನೊಬ್ಬ ಮೈಗೆ ಹಚ್ಚುವ ಮುಲಾಮಿನ ಬಗ್ಗೆ ಮಾತನಾಡಲು ನಿಂತಿರುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಶೇಂಗಾದ ಎಲೆಚುಕ್ಕೆ ರೋಗಕ್ಕೆ ಔಷಧಿ ಕೇಳಲು ಬರುವ ರೈತರಲ್ಲಿ ಕೆಲವರು, ಮಾತು ಮುಗಿದ ಮೇಲೆ ಪಂಚೆಯ ಅಂಚನ್ನು ಸ್ವಲ್ಪ ಸರಿಸಿ, "ಇದಕ್ಕೇನು ಹೊಡೀಬೇಕು ಸ್ವಾಮಿ?" ಎಂದು ಕೇಳುವುದುಂಟು. ಕೇಳುವಾಗ ನಗುತ್ತಾರೆ, ಆದರೆ ತಿಂಗಳುಗಟ್ಟಲೆ ರಾತ್ರಿ ನಿದ್ದೆಯಿಲ್ಲದೆ ಕೆರೆದುಕೊಂಡಿರುತ್ತಾರೆ. ರೋಗವನ್ನು ಪತ್ತೆ ಮಾಡುವುದು ವೈದ್ಯರ ಕೆಲಸ. ಶಿಲೀಂಧ್ರ ಹೇಗೆ ಬೆಳೆಯುತ್ತದೆ, ಔಷಧಿಗೆ ಹೇಗೆ ಬಗ್ಗುತ್ತದೆ, ಯಾವಾಗ ಬಗ್ಗುವುದಿಲ್ಲ ಎಂಬಷ್ಟನ್ನು ಮಾತ್ರ ನಾನು ಹೇಳುತ್ತೇನೆ.

ಹುಳುಕಡ್ಡಿ ಎಂಬ ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ. ಕೆಲವು ಕಡೆ ಇದನ್ನೇ ಗಜಕರ್ಣ ಎನ್ನುತ್ತಾರೆ. ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ವಸ್ತುವನ್ನು ತಿಂದು ಬದುಕುವ ಶಿಲೀಂಧ್ರ ಇದಕ್ಕೆ ಕಾರಣ. ಇದು ಒಂದು ಬಿಂದುವಿನಲ್ಲಿ ನೆಲೆಯೂರಿ ಸುತ್ತಲೂ ಹರಡುತ್ತದೆ. ನಡುಭಾಗ ಮಾಗಿದಂತೆ ಕಾಣುತ್ತದೆ, ಅಂಚು ಕೆಂಪಾಗಿ ಉಬ್ಬಿ ಹೊಟ್ಟೇಳುತ್ತದೆ. ಆದುದರಿಂದಲೇ ಬಳೆಯ ಆಕಾರ. ಮಳೆ ಬಿದ್ದ ಹುಲ್ಲುಗಾವಲಿನಲ್ಲಿ ಅಣಬೆಗಳು ಬಳೆಯಂತೆ ಸುತ್ತುಗಟ್ಟಿ ಏಳುವುದನ್ನು ನೀವು ಕಂಡಿರಬಹುದು. ಎರಡರ ರೀತಿಯೂ ಒಂದೇ. ಶಿಲೀಂಧ್ರದ ಚಟುವಟಿಕೆ ಹೆಚ್ಚಾಗಿರುವುದು ಅಂಚಿನಲ್ಲಿ ಎಂಬುದನ್ನು ನೆನಪಿಡಿ, ಮುಲಾಮು ಹಚ್ಚುವಾಗ ಇದು ಬೇಕಾಗುತ್ತದೆ.

ತೊಡೆಸಂದು, ಸೊಂಟ, ಕಂಕುಳು, ಸ್ತನದ ಕೆಳಭಾಗ, ಹೀಗೆ ಬೆವರು ನಿಲ್ಲುವ ಜಾಗಗಳೇ ಇದರ ನೆಲೆ. ನಾಟಿಯ ಕಾಲದಲ್ಲಿ ದಿನವಿಡೀ ಕೆಸರಿನಲ್ಲಿ ನಿಲ್ಲುವವರಿಗೆ ಕಾಲ್ಬೆರಳ ಸಂದು ಬೆಳ್ಳಗೆ ನೆನೆದು, ಬಿರಿದು, ನೋಯುತ್ತದೆ. ಅಲ್ಲಿಯೂ ತೇವದ ಜೊತೆಗೆ ಶಿಲೀಂಧ್ರ ಸೇರಿರುವುದೇ ಹೆಚ್ಚು.

ಈಗ ಔಷಧಿಯ ಮಾತು. ಕ್ಲೋಟ್ರಿಮಜೋಲ್ ಶೇಕಡಾ 1, ಮೈಕೊನಜೋಲ್ ಶೇಕಡಾ 2 ಇವು ಬಹು ಕಾಲದಿಂದ ಬಳಕೆಯಲ್ಲಿರುವ ಮುಲಾಮುಗಳು. ಬೆಳೆಗೆ ನೀವು ಸಿಂಪಡಿಸುವ ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್‌ಗಳೂ ಇದೇ 'ಅಜೋಲ್' ಬಳಗದವು. ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ಇವೆಲ್ಲವೂ ತಡೆಯುತ್ತವೆ. ಬಳಗ ಒಂದೇ ಎಂದ ಮಾತ್ರಕ್ಕೆ ಸಿಂಪರಣೆಗೆ ತಂದು ಉಳಿದ ಔಷಧಿಯನ್ನು ಯಾರೂ ಮೈಗೆ ಹಚ್ಚಕೂಡದು. ಅದರಲ್ಲಿ ಬೆರೆತಿರುವ ದ್ರಾವಕಗಳು ಚರ್ಮವನ್ನು ಸುಡುತ್ತವೆ, ವಿಷ ಒಳಗಿಳಿಯುತ್ತದೆ. ಸೀಮೆ ಅಗಸೆ ಸೊಪ್ಪು ಅರೆದು ಹಚ್ಚುವುದು ಹಳೆಯ ರೂಢಿ. ಅದರಲ್ಲಿ ಶಿಲೀಂಧ್ರವನ್ನು ತಡೆಯುವ ಗುಣವುಂಟು, ಆದರೆ ಒಂದು ಹಿಡಿ ಸೊಪ್ಪಿನಲ್ಲಿ ಅದು ಎಷ್ಟಿದೆ ಎಂದು ಅಳೆಯುವ ಬಗೆ ನಮ್ಮ ಕೈಯಲ್ಲಿಲ್ಲ.

ಎಕರೆಗೆ ಎಷ್ಟು ಎಂದು ಲೆಕ್ಕ ಹಾಕುವ ನೀವು ಮುಲಾಮಿಗೂ ಲೆಕ್ಕ ಹಾಕಬೇಕು. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಬೆರಳು ಸಹಿತ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಒಂದು ಅಂಗೈ ಅಗಲದ ಮಚ್ಚೆಗೆ ಹೊತ್ತಿಗೆ ಕಾಲು ಗ್ರಾಂ. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಎಂದರೆ ದಿನಕ್ಕೆ ಅರ್ಧ ಗ್ರಾಂ. ನಾಲ್ಕು ವಾರಕ್ಕೆ 14 ಗ್ರಾಂ. ಎಂದರೆ 15 ಗ್ರಾಮಿನ ಒಂದು ಟ್ಯೂಬು ಪೂರ್ತಿ ಮುಗಿಯಬೇಕು. ಅದೇ ಟ್ಯೂಬು ಮನೆಯ ನಾಲ್ಕು ಜನಕ್ಕೆ ಮೂರು ತಿಂಗಳು ಬಂದಿದೆ ಎಂದರೆ ಯಾರಿಗೂ ಸಾಕಷ್ಟು ಔಷಧಿ ಬಿದ್ದಿಲ್ಲ ಎಂದೇ ಅರ್ಥ.

ಹಚ್ಚುವ ಮೊದಲು ಜಾಗವನ್ನು ತೊಳೆದು ಒಣಬಟ್ಟೆಯಿಂದ ಒತ್ತಿ ಒರೆಸಿ. ಕಾಲ್ಬೆರಳ ಸಂದನ್ನು ಒಂದೊಂದಾಗಿ ಒರೆಸಬೇಕು. ಹೊರಗಿನಿಂದ ಒಳಕ್ಕೆ, ಅಂಚಿನ ಆಚೆಗೆ ಒಂದು ಹೆಬ್ಬೆರಳಗಲ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಳುವಾಗಿ ಸವರಿ. ತುರಿಕೆ ವಾರದೊಳಗೆ ತಗ್ಗಬಹುದು. ನಮ್ಮವರಲ್ಲಿ ಬಹಳ ಮಂದಿ ಔಷಧಿ ಬಿಡುವುದು ಅಲ್ಲಿಯೇ. ತುರಿಕೆ ನಿಂತರೂ ಶಿಲೀಂಧ್ರ ಸತ್ತಿರುವುದಿಲ್ಲ. ಮಚ್ಚೆ ಕಣ್ಣಿಗೆ ಕಾಣದಂತಾದ ಮೇಲೂ ಕಡೆಯ ಪಕ್ಷ ಎರಡು ವಾರ ಮುಂದುವರಿಸಬೇಕು.

ಇನ್ನು ನಾನು ಒತ್ತಿ ಹೇಳಬೇಕಾದದ್ದು ಬೆರಕೆ ಮುಲಾಮಿನ ವಿಚಾರ. ಅಂಗಡಿಗೆ ಹೋಗಿ "ಕಡಿತಕ್ಕೆ ಒಂದು ಟ್ಯೂಬು ಕೊಡಿ" ಎಂದರೆ ಹಲವು ಸಲ ಕೈಗೆ ಬರುವುದು ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ ಹಾಗೂ ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಮುಲಾಮು. ಹಚ್ಚಿದ ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ಮಾಯವಾಗುತ್ತದೆ. "ಎಂಥ ಪವರು!" ಎಂದು ಪಕ್ಕದ ಮನೆಯವರಿಗೂ ಅದನ್ನೇ ಹೇಳುತ್ತೇವೆ. ಆದರೆ ಸ್ಟೀರಾಯ್ಡ್ ಮಾಡುವುದೇನು? ಶಿಲೀಂಧ್ರದ ವಿರುದ್ಧ ಮೈ ತಾನಾಗಿ ಹೂಡುವ ಹೋರಾಟವನ್ನೇ ಅಡಗಿಸುತ್ತದೆ. ಹೊಲ ಕಾಯುವ ನಾಯಿಯ ಬಾಯಿ ಕಟ್ಟಿದ ಹಾಗೆ! ಬೊಗಳು ನಿಲ್ಲುತ್ತದೆ, ಕಳ್ಳ ಒಳಗೇ ಇರುತ್ತಾನೆ. ಬಿಟ್ಟ ಕೂಡಲೇ ರೋಗ ಮೊದಲಿಗಿಂತ ಅಗಲವಾಗಿ ಏಳುತ್ತದೆ, ಮತ್ತೆ ಅದೇ ಟ್ಯೂಬು. ಹೀಗೆ ತಿಂಗಳುಗಟ್ಟಲೆ ಹಚ್ಚಿದರೆ ಬಳೆಯ ಆಕಾರ ಕೆಟ್ಟು ವೈದ್ಯರಿಗೂ ರೋಗ ಗುರುತಿಸುವುದು ಕಷ್ಟವಾಗುತ್ತದೆ. ಚರ್ಮ ತೆಳುವಾಗಿ, ತೊಡೆಸಂದಿನಲ್ಲಿ ಅಗಲವಾದ ಬಿರುಕುಗೆರೆಗಳು ಬೀಳುತ್ತವೆ. ಆ ಗೆರೆಗಳು ಮುಂದೆ ಮಾಸುವುದಿಲ್ಲ.

ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಅಕ್ಷರ ಸಣ್ಣದು, ಇಂಗ್ಲಿಷಿನಲ್ಲಿರುತ್ತದೆ. ಓದುವ ಮಕ್ಕಳಿಂದ ಓದಿಸಿ ನೋಡಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಅಧಿಸೂಚನೆ ಹೊರಡಿಸಿತು. ಹಾಗಿದ್ದೂ ಕೇಳಿದವರಿಗೆಲ್ಲ ಕೊಡುವ ಅಂಗಡಿಗಳುಂಟು.

ಒಂದೇ ಔಷಧಿಯನ್ನು ಅರೆಬರೆ ಪ್ರಮಾಣದಲ್ಲಿ ಮತ್ತೆ ಮತ್ತೆ ಸಿಂಪಡಿಸಿದರೆ ರೋಗಾಣು ಅದಕ್ಕೆ ನಿರೋಧಕ ಶಕ್ತಿ ಪಡೆಯುತ್ತದೆಂದು ನಾವು ಪ್ರತಿ ಶಿಬಿರದಲ್ಲೂ ಹೇಳುತ್ತೇವೆ. ಮನುಷ್ಯರ ಮೈಮೇಲೂ ಅದೇ ಆಗಿದೆ. ಟರ್ಬಿನಾಫಿನ್ ಎಂಬ ಒಳ್ಳೆಯ ಔಷಧಿಗೆ ಬಗ್ಗದ ಹುಳುಕಡ್ಡಿಯ ಶಿಲೀಂಧ್ರವೊಂದಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೋಫೈಟನ್ ಇಂಡೊಟಿನಿಯೇ ಎಂದು ಹೆಸರಿಟ್ಟರು. ಹೆಸರಿನಲ್ಲಿ 'ಇಂಡೊ' ಇರುವುದನ್ನು ಗಮನಿಸಿ. ನಮ್ಮ ದೇಶದಲ್ಲಿ ವ್ಯಾಪಕವಾಗಿರುವ ಇದು ಈಗ ಯುರೋಪು, ಅಮೆರಿಕಗಳಲ್ಲೂ ಕಾಣಿಸಿಕೊಂಡಿದೆ. ಇದು ಹೀಗೆ ಹರಡಲು ಬೆರಕೆ ಮುಲಾಮುಗಳ ಮನಸೋ ಇಚ್ಛೆ ಬಳಕೆಯೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ.

ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರ ಮೈಯನ್ನೂ ನೋಡಿ, ಇದ್ದವರೆಲ್ಲರೂ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು. ಟವೆಲು, ಪಂಚೆ, ಹಾಸಿಗೆ ಹಂಚಿಕೊಳ್ಳುವುದು ಬೇಡ. ಒಳಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಸದಾ ಒದ್ದೆಯಾಗಿರುವ ಉಡಿದಾರದಲ್ಲೂ ಶಿಲೀಂಧ್ರ ಉಳಿಯುತ್ತದೆ. ವಾಸಿಯಾಗುವವರೆಗೆ ಅದನ್ನು ತೆಗೆದಿಡಲು ಹಿರಿಯರು ಒಪ್ಪಿಯಾರು. ಕೊಟ್ಟಿಗೆಯನ್ನೂ ಮರೆಯಬೇಡಿ. ಕರುವಿನ ಕಣ್ಣಿನ ಸುತ್ತ, ಕತ್ತಿನ ಮೇಲೆ ಕೂದಲುದುರಿ ಬೂದು ಬಣ್ಣದ ಹೆಕ್ಕಳೆ ಕಟ್ಟಿದ್ದರೆ ಅದೂ ಹುಳುಕಡ್ಡಿಯೇ ಇರಬಹುದು, ಮುಟ್ಟಿದವರಿಗೆ ಅಂಟುತ್ತದೆ. ಪಶುವೈದ್ಯರಿಗೆ ತೋರಿಸಿ, ಕರುವಿನ ಮೈ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಮುಲಾಮೊಂದರಿಂದಲೇ ಆಗದ ಸಂದರ್ಭಗಳೂ ಇವೆ. ಮಕ್ಕಳ ತಲೆಗೆ ಹುಳುಕಡ್ಡಿ ಬಂದಾಗ, ಉಗುರು ಕೆಟ್ಟಾಗ, ಮೈಯ ಬಹುಭಾಗಕ್ಕೆ ಹರಡಿದಾಗ ನುಂಗುವ ಮಾತ್ರೆ ಬೇಕಾಗುತ್ತದೆ. ಅದನ್ನು ವೈದ್ಯರೇ ನಿರ್ಧರಿಸಬೇಕು. ನಾಲ್ಕು ವಾರ ಸರಿಯಾಗಿ ಹಚ್ಚಿಯೂ ಇಳಿಯದಿದ್ದರೆ ಟ್ಯೂಬು ಬದಲಿಸುತ್ತಾ ಕೂರಬೇಡಿ, ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆಯವರ ಕಾಲ್ಬೆರಳ ಸಂದು ಬಿರಿದರೆ ಒಂದು ದಿನವೂ ತಡಮಾಡಕೂಡದು. ರಾತ್ರಿ ಹೊತ್ತು ಮನೆಮಂದಿಗೆಲ್ಲ ಕೈಬೆರಳ ಸಂದಿನಲ್ಲಿ ತುರಿಕೆಯಿದ್ದರೆ ಅದು ಕಜ್ಜಿಯಿರಬಹುದು. ಅದಕ್ಕೆ ಕಾರಣ ನುಸಿ, ಈ ಮುಲಾಮು ಅದಕ್ಕೆ ನಾಟುವುದಿಲ್ಲ.

ವಿಸ್ತರಣಾ ಕಾರ್ಯಕರ್ತ ಮಿತ್ರರಲ್ಲಿ ವಿಶೇಷವಾಗಿ ಒಂದು ಕೋರಿಕೆ. ಹಳ್ಳಿಗಳಲ್ಲಿ ಯಾರಾದರೂ ಮಚ್ಚೆ ತೋರಿಸಿದರೆ "ತುರಿಸುತ್ತದೆಯೇ?" ಎಂದು ಮೊದಲು ಕೇಳಿ. ತುರಿಕೆಯಿಲ್ಲದ, ಸುತ್ತಲ ಚರ್ಮಕ್ಕಿಂತ ಬಿಳಿಚಿದ ಅಥವಾ ಕೆಂಪಾದ, ಮುಟ್ಟಿದರೆ ತಿಳಿಯದ ಮಚ್ಚೆಯಾದರೆ ಮುಲಾಮಿನ ಮಾತೇ ಬೇಡ. ಅದು ಕುಷ್ಠದ ಆರಂಭವಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಔಷಧಿಯನ್ನು ಉಚಿತವಾಗಿ ಕೊಡುತ್ತಾರೆ. ಬೇಗ ಶುರು ಮಾಡಿದರೆ ಕೈಕಾಲು ಊನವಾಗದೆ ಪೂರ್ತಿ ವಾಸಿಯಾಗುತ್ತದೆ. ಅಂಥವರು ಒಬ್ಬರೇ ಹೋಗಲು ಹಿಂಜರಿಯುತ್ತಾರೆ, ಸಾಧ್ಯವಾದರೆ ನೀವೇ ಜೊತೆಗೆ ಕರೆದುಕೊಂಡು ಹೋಗಿ.