ಸಹಿಗೆ ಮೊದಲು ವಕೀಲರು

ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆ ಹೊಸ ಫ್ಲಾಟ್ ನೋಡುತ್ತಿರುವವರಿಗಾಗಿ ಇವತ್ತಿನ ಮಾತು. ಕಟ್ಟಡ ವ್ಯವಹಾರದ ವಕೀಲರನ್ನು ನಾವು ಹುಡುಕುವುದು ಜಗಳ ಶುರುವಾದ ಮೇಲೆ. ಅವರಿಂದ ಹೆಚ್ಚು ಉಪಯೋಗ ಆಗುವುದು ಸಹಿ ಹಾಕುವ ಮೊದಲು.

ಕರಾರುಪತ್ರದಲ್ಲಿ ಅವರು ಮೊದಲು ಹುಡುಕುವುದು ಒಂದು ತಾರೀಖು: ಮನೆ ಯಾವತ್ತು ಕೈಗೆ ಬರುತ್ತದೆ? ಬ್ರೋಷರಿನ ಈಜುಕೊಳ ಆಮೇಲಾಯಿತು. ಆ ತಾರೀಖು ತಪ್ಪಿದರೆ 2016ರ ರೇರಾ ಕಾಯ್ದೆಯ 18ನೇ ಕಲಮಿನಂತೆ ಬಡ್ಡಿ ಸಮೇತ ಹಣ ವಾಪಸು ಕೇಳಬಹುದು. ಮನೆಯೇ ಬೇಕೆಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. "ಈಗ 20 ಕೊಡಿ, ರಿಜಿಸ್ಟ್ರೇಶನ್ ದಸರೆಗೆ ನೋಡೋಣ" ಎಂದರೆ ಎದ್ದು ಬನ್ನಿ.

ಗೆದ್ದವರ ಕಷ್ಟವೇ ಬೇರೆ. ಮಹಾರೇರಾ ಆದೇಶ ಬಂದರೂ ಬಿಲ್ಡರ್ ಹಣ ಕೊಡದಿದ್ದರೆ ವಸೂಲಿ ವಾರಂಟು ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ. ಭೂಕಂದಾಯದ ಬಾಕಿಯಂತೆ ಅವರು ಅದನ್ನು ವಸೂಲು ಮಾಡಬೇಕು. ಆ ಫೈಲಿನ ಹಿಂದೆ ಅಲೆಯುವುದೂ ವಕೀಲರ ಕೆಲಸವೇ. ಅತ್ತ ಬಾಡಿಗೆ, ಇತ್ತ ಬ್ಯಾಂಕಿನ ಕಂತು, ಎರಡನ್ನೂ ಕಟ್ಟುತ್ತ ಕಾಯುವ ಮನೆಯವರ ಸಂಕಟ ಯಾವ ಕಲಮಿನಲ್ಲೂ ಬರೆದಿಲ್ಲ.

ಬೀಗದ ಕೈ ಸಿಕ್ಕಿತೆಂದು ಕರಾರನ್ನು ಅಟ್ಟಕ್ಕೆ ಎಸೆಯಬೇಡಿ. ಮೊದಲ ಮಳೆಗಾಲಕ್ಕೇ ಗೋಡೆ ಬೆವರುವುದು ಮುಂಬಯಿಗೆ ಹೊಸತೇ? ಸ್ವಾಧೀನ ಪಡೆದ ಐದು ವರ್ಷದೊಳಗೆ ಕಟ್ಟಡದ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ 30 ದಿನಗಳಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಕಾಗದ ಬರೆಯಿರಿ, ತಲುಪಿದ್ದಕ್ಕೆ ಸಹಿ ಪಡೆದು ಇಟ್ಟುಕೊಳ್ಳಿ.