ಓಡುವ ಯಂತ್ರಕ್ಕೆ ಪ್ರೊಸೆಸರ್ ಸೇರಿಸುವ ಟಿಪ್ಪಣಿ



ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬೀಳುವ ಹೊತ್ತಿಗೆ ಲಕ್ಷಾಂತರ ಮಕ್ಕಳು, ಅವರ ಅಪ್ಪ ಅಮ್ಮಂದಿರು ಒಟ್ಟಿಗೇ ಮೊಬೈಲು ಹಿಡಿದು ಕೂರುತ್ತಾರೆ. ಅಂಥ ಒತ್ತಡ ಹೊರುವ ಸರ್ವರುಗಳಲ್ಲಿ ಹೆಚ್ಚಿನವು ಇಂದು ವರ್ಚುವಲ್ ಮಷೀನುಗಳು, ಅಂದರೆ ಒಂದು ದೊಡ್ಡ ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟಿಕೊಟ್ಟ ಇನ್ನೊಂದು ಕಂಪ್ಯೂಟರು. ಐಬಿಎಂ ಕಂಪನಿ 1972ರಲ್ಲೇ ಇಂಥದ್ದನ್ನು ಮಾರುಕಟ್ಟೆಗೆ ತಂದಿತ್ತು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ, ಇಂಥ ಯಂತ್ರಗಳನ್ನು ಓಡಿಸುವ ಕೆವಿಎಂ ಎಂಬ ಭಾಗ ಸೇರಿದ್ದು 2007ರಲ್ಲಿ.

ಈ ಯಂತ್ರದ ಪ್ರೊಸೆಸರು ಕೈಯಲ್ಲಿ ಹಿಡಿಯುವ ಚಿಪ್ಪಲ್ಲ. ಹೊರಗಿನ ಲಿನಕ್ಸಿನ ಕಣ್ಣಿಗೆ ಅದೊಂದು ಥ್ರೆಡ್, ಸರದಿಗಾಗಿ ಕಾಯುವ ಒಂದು ಕೆಲಸ ಅಷ್ಟೆ. ಹಾಗಾಗಿ ಯಂತ್ರವನ್ನು ನಿಲ್ಲಿಸದೆಯೇ ಎರಡು ಪ್ರೊಸೆಸರನ್ನು ನಾಲ್ಕು ಮಾಡಬಹುದು. ಆದೇಶ ಒಂದೇ ಸಾಲಿನದು. ಆದರೆ ಆ ಒಂದು ಸಾಲನ್ನು ಮಾತ್ರ ಬರೆದಿಟ್ಟ ಟಿಪ್ಪಣಿ ಇಕ್ಕಟ್ಟಿನ ಹೊತ್ತಿನಲ್ಲಿ ಕೈಕೊಡುತ್ತದೆ. ಅದನ್ನು ಓದುವವರು ನಡುರಾತ್ರಿ, ಒಂದು ಕಡೆ ಫೋನು ಹೊಡೆದುಕೊಳ್ಳುತ್ತಿರುವಾಗ ಓದುತ್ತಾರೆ. ಬರೆಯುವವರು ಅವರನ್ನು ನೆನೆದು ಬರೆಯಬೇಕು.

ಮೊದಲ ಸಾಲಿನಲ್ಲಿ ಇರಬೇಕಾದದ್ದು ಆದೇಶವಲ್ಲ, ಒಂದು ಪ್ರಶ್ನೆ: ಈ ಯಂತ್ರಕ್ಕೆ ಗರಿಷ್ಠ ಮಿತಿ ಎಷ್ಟು? ನಮ್ಮೂರುಗಳಲ್ಲಿ ಮನೆ ಕಟ್ಟುವಾಗ ಮುಂದೆ ಮಹಡಿ ಏರಿಸುವ ಆಸೆಯಿದ್ದರೆ ತಾರಸಿಯ ಮೇಲೆ ಕಂಬದ ಕಂಬಿಗಳನ್ನು ಚಾಚಿ ಬಿಟ್ಟಿರುತ್ತಾರಲ್ಲ, ಇದೂ ಹಾಗೆಯೇ. ಯಂತ್ರ ಶುರುವಾಗುವಾಗಲೇ 'ಈಗ ಎರಡು, ಮುಂದೆ ಎಂಟರವರೆಗೆ' ಎಂದು ಹೇಳಿರಬೇಕು. ಹೇಳಿರದಿದ್ದರೆ ಓಡುವ ಯಂತ್ರದಲ್ಲಿ ಆ ಮಿತಿ ಹಿಗ್ಗುವುದಿಲ್ಲ. ವಿಎಂವೇರ್ ಎಂಬ ಇನ್ನೊಂದು ವರ್ಚುವಲ್ ಮಷೀನ್ ತಂತ್ರಾಂಶದಲ್ಲೂ, ಓಡುವಾಗಲೇ ಸೇರಿಸುವ ಸೌಲಭ್ಯದ ಗುಂಡಿ ಒತ್ತಲು ಯಂತ್ರ ನಿಂತಿರಲೇಬೇಕು. ಅಂದಮೇಲೆ ಟಿಪ್ಪಣಿಯ ಅರ್ಧ ಭಾಗ ಯಂತ್ರ ಹುಟ್ಟುವ ದಿನಕ್ಕೇ ಸೇರಿದ್ದು. ಇದನ್ನು ಬಿಟ್ಟು ಬರೆದ ಕೈಪಿಡಿ ಕಂಡರೆ ನನಗೆ ನಿಜಕ್ಕೂ ಬೇಸರ.

ಎರಡನೆಯದು, ನೆನಪಿನ ಮಾತು. ಲಿಬ್‌ವರ್ಟ್ ಎಂಬ ನಿರ್ವಹಣಾ ತಂತ್ರಾಂಶ ಬಳಸುವವರು 'ಸೆಟ್‌ವಿಸಿಪಿಯುಸ್' ಎಂಬ ಆದೇಶಕ್ಕೆ 'ಲೈವ್' ಎಂದಷ್ಟೇ ಸೇರಿಸಿದರೆ ಬದಲಾವಣೆ ಓಡುತ್ತಿರುವ ಯಂತ್ರಕ್ಕೆ ಮಾತ್ರ ತಾಗುತ್ತದೆ. ಒಂದು ತಿಂಗಳಾದ ಮೇಲೆ ಯಾರೋ ಯಂತ್ರ ನಿಲ್ಲಿಸಿ ಎಬ್ಬಿಸುತ್ತಾರೆ, ನಾಲ್ಕಿದ್ದದ್ದು ಎರಡಾಗಿರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. 'ಕಾನ್ಫಿಗ್' ಎಂಬುದನ್ನೂ ಜೊತೆಗೆ ಹಾಕಿದರೆ ಅದು ಕಡತದಲ್ಲೂ ಉಳಿಯುತ್ತದೆ. ಎರಡೂ ಬೇಕೇ, ಒಂದೇ ಸಾಕೇ ಎಂಬುದನ್ನು ಟಿಪ್ಪಣಿ ಕಾರಣದೊಡನೆ ಹೇಳಬೇಕು.

ಇನ್ನು ಒಳಗಿನ ಯಂತ್ರದ ಕಡೆ. ಹೊರಗಿನಿಂದ ಪ್ರೊಸೆಸರು ಕೊಟ್ಟೆವು ಎಂದ ಮಾತ್ರಕ್ಕೆ ಒಳಗಿನವರು ಅದನ್ನು ಕೆಲಸಕ್ಕೆ ಹಚ್ಚಿಕೊಂಡರು ಎಂದಲ್ಲ. ಲಿನಕ್ಸ್ ತನ್ನ ಪ್ರೊಸೆಸರುಗಳ ಪಟ್ಟಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿರುತ್ತದೆ: ಮುಂದೆ ಬರಬಹುದಾದವು, ಈಗ ಬಂದು ಸೇರಿರುವವು, ನಿಜವಾಗಿ ದುಡಿಯುತ್ತಿರುವವು. ಹೊಸತು ಎರಡನೆಯ ಪಟ್ಟಿಯಲ್ಲಿದ್ದೂ ಮೂರನೆಯದಕ್ಕೆ ಏರದೆ ನಿಲ್ಲಬಹುದು. ಕೆಲವು ಯಂತ್ರಗಳಲ್ಲಿ ಅದು ತಾನಾಗಿ ಏರುತ್ತದೆ, ಕೆಲವುಗಳಲ್ಲಿ ಆ ಪ್ರೊಸೆಸರಿನ 'ಆನ್‌ಲೈನ್' ಕಡತಕ್ಕೆ ಒಂದು ಎಂಬ ಅಂಕಿಯನ್ನು ಕೈಯಾರೆ ಬರೆಯಬೇಕಾಗುತ್ತದೆ. ಆದ್ದರಿಂದ ಒಳಗೆ ಹೋಗಿ, ಪ್ರೊಸೆಸರುಗಳ ಸಂಖ್ಯೆ ಹೇಳುವ 'ಎನ್‌ಪ್ರೋಕ್' ಎಂಬ ಆದೇಶ ಕೊಟ್ಟು, ಬಂದ ಉತ್ತರ ನೋಡುವ ಹೆಜ್ಜೆ ಟಿಪ್ಪಣಿಯಲ್ಲಿ ಇರಲೇಬೇಕು. ಯಾವ ಅಂಕಿ ಬಂದರೆ ಸರಿ ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು.

ಅಷ್ಟಾದರೂ ತಾಣ ಚುರುಕಾಗದೆ ಇರಬಹುದು. ಜಾಲತಾಣ ಒದಗಿಸುವ ಎಂಜಿನ್‌ಎಕ್ಸ್ ತರದ ತಂತ್ರಾಂಶ ತನ್ನ ಕೆಲಸಗಾರರ ಸಂಖ್ಯೆಯನ್ನು ತಾನೇ ಗೊತ್ತುಮಾಡಿಕೊಳ್ಳಲಿ ಎಂದು ಬಿಟ್ಟಿದ್ದರೆ, ಅದು ಪ್ರೊಸೆಸರುಗಳನ್ನು ಎಣಿಸುವುದು ಶುರುವಾಗುವ ಗಳಿಗೆಯಲ್ಲಿ. ಆಮೇಲೆ ಬಂದವು ಅದರ ಲೆಕ್ಕಕ್ಕಿಲ್ಲ. ಆ ತಂತ್ರಾಂಶವನ್ನೊಮ್ಮೆ ಮತ್ತೆ ಶುರುಮಾಡಬೇಕು. ಹೊರಗಿನ ಕಂಪ್ಯೂಟರಿನಲ್ಲೇ ನಿಜವಾದ ಪ್ರೊಸೆಸರ್ ಕೋರುಗಳಿಗೆ ಬಿಡುವಿಲ್ಲದಿದ್ದರಂತೂ ಎಷ್ಟು ಸೇರಿಸಿದರೂ ಸರದಿ ಉದ್ದವಾಗುತ್ತದೆ, ಅಷ್ಟೆ.

ತೆಗೆಯುವ ವಿಚಾರ ಸೇರಿಸಿದಷ್ಟು ಸಲೀಸಲ್ಲ. ಕೆವಿಎಂ ಜೊತೆಗೂಡಿ ಯಂತ್ರ ಕಟ್ಟಿಕೊಡುವ ಕ್ಯೂಎಮು ಎಂಬ ತಂತ್ರಾಂಶದ ಅಧಿಕೃತ ದಾಖಲೆ ಇದನ್ನು ನೇರವಾಗಿ ಹೇಳುತ್ತದೆ: ತೆಗೆ ಎನ್ನುವುದು ಬರಿಯ ಕೋರಿಕೆ, ಒಳಗಿನ ಯಂತ್ರ ಒಪ್ಪಿ ಬಿಟ್ಟುಕೊಟ್ಟರೆ ಉಂಟು. ಆ ಪುಟ ನನಗೆ ತುಂಬ ಮೆಚ್ಚುಗೆ. ಎರಡರ ಮಿತಿಯಿಟ್ಟು ಒಂದೇ ಪ್ರೊಸೆಸರಿನಿಂದ ಯಂತ್ರ ಹೊರಡಿಸಿ, ಯಾವ ಜಾಗ ಖಾಲಿ ಇದೆ ಎಂದು ಕೇಳಿ, ಸೇರಿಸಿ, ಸೇರಿತೇ ಎಂದು ನೋಡಿ, ಕೊನೆಗೆ ತೆಗೆದೂ ತೋರಿಸುತ್ತದೆ. ಪ್ರತಿ ಹೆಜ್ಜೆಯ ಉತ್ತರವೂ ಅಲ್ಲೇ ಇದೆ.

ಟಿಪ್ಪಣಿಯ ನೆತ್ತಿಯ ಮೇಲೆ ಆವೃತ್ತಿ ಸಂಖ್ಯೆ, ದಿನಾಂಕ ಎರಡೂ ಇರಲಿ. ಕ್ಯೂಎಮುವಿಗೆ 2013ರಲ್ಲಿ ಬಂದ 'ಸಿಪಿಯು ಆ್ಯಡ್' ಎಂಬ ಆದೇಶವನ್ನು 2020ರ ಆವೃತ್ತಿಯಲ್ಲಿ ತೆಗೆದೇ ಹಾಕಿದರು. ಈಗಿನ ಹೆಸರು 'ಡಿವೈಸ್ ಆ್ಯಡ್'. ತಂತ್ರಾಂಶ ನವೀಕರಿಸಿದಾಗಲೆಲ್ಲ ಪರೀಕ್ಷೆಯ ಯಂತ್ರವೊಂದರಲ್ಲಿ ಟಿಪ್ಪಣಿಯನ್ನು ಅಕ್ಷರಶಃ ಅನುಸರಿಸಿ ನೋಡಬೇಕು. ಹಾಗೆ ನೋಡಬೇಕಾದವರು ಬರೆದವರಲ್ಲ, ಅದನ್ನು ಮೊದಲ ಬಾರಿ ಓದುತ್ತಿರುವ ಸಹೋದ್ಯೋಗಿಯೊಬ್ಬರು.