ರಾತ್ರಿ ರೇಡಿಯೋ ಯಾಕ ಚಲೋ ಕೇಳ್ತದ?



ಸುರಪುರ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಸಾಲಿ ಕಲಿಯುತ್ತಿದ್ದ ಕಾಲ. ಮನೆಯಲ್ಲಿ ಚರ್ಮದ ಚೀಲ ತೊಡಿಸಿದ ಒಂದು ಟ್ರಾನ್ಸಿಸ್ಟರ್ ಇತ್ತು. ಹಗಲಿಡೀ ಮುಳ್ಳು ತಿರುವಿದರೂ ಕಲಬುರಗಿ ಕೇಂದ್ರ ಒಂದೇ ಸ್ವಚ್ಛ, ಉಳಿದದ್ದೆಲ್ಲ ಗರಗರ. ಹೊತ್ತು ಮುಳುಗಿ ಎರಡು ತಾಸು ಕಳೆಯಿತೆಂದರೆ ಅದೇ ಪೆಟ್ಟಿಗೆಯೊಳಗೆ ಮದ್ರಾಸು ಬರುತ್ತಿತ್ತು, ಮುಂಬೈ ಬರುತ್ತಿತ್ತು, ಹೆಸರೇ ತಿಳಿಯದ ಭಾಷೆಗಳೂ ಬರುತ್ತಿದ್ದವು. ‘ರಾತ್ರಿ ರೇಡಿಯೋ ಯಾಕ ಚಲೋ ಕೇಳ್ತದರೀ?’ ಎಂದು ಒಂದು ದಿನ ಮಾಸ್ತರರನ್ನು ಕೇಳಿದೆ. ‘ಪಾಠದಾಗ ಇಲ್ಲದ್ದು ಕೇಳಬ್ಯಾಡ, ಕುಂಡ್ರು’ ಎಂದರು. ಕೂತೆ. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಅದೂ ಯಾವುದೋ ಪುಸ್ತಕದಲ್ಲಿ.

ಉತ್ತರ ಕಠಿಣದ್ದೇನಲ್ಲ. ನೆಲದಿಂದ ಅರವತ್ತು ಎಪ್ಪತ್ತು ಕಿಲೋಮೀಟರು ಮೇಲೆ ಗಾಳಿ ಬಹಳ ತೆಳುವಾಗಿರುವ ಕಡೆ, ಬಿಸಿಲಿನ ಹೊಡೆತಕ್ಕೆ ಗಾಳಿಯ ಕಣಗಳು ಒಡೆದು ವಿದ್ಯುತ್ತಿನ ಕಣಗಳಾಗುತ್ತವೆ. ಹಗಲು ಆ ಪದರವು ಮಧ್ಯಮ ತರಂಗದ ರೇಡಿಯೋ ಅಲೆಗಳನ್ನು ಮೇಲೇರಗೊಡದೆ ನುಂಗಿಬಿಡುತ್ತದೆ. ಆಗ ನಮಗೆ ದಕ್ಕುವುದು ನೆಲ ಹಿಡಿದು ಹರಿದುಬರುವ ಹತ್ತಿರದ ಕೇಂದ್ರದ ಅಲೆ ಮಾತ್ರ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಕ್ಕೆ, ನೂರು ಕಿಲೋಮೀಟರು ದಾಟಿದ ಪದರಗಳವರೆಗೆ ಹೋಗಿ, ಗೋಡೆಗೆ ಬಡಿದ ಚೆಂಡಿನಂತೆ ತಿರುಗಿ ದೂರದೂರಿನ ನೆಲಕ್ಕೆ ಇಳಿಯುತ್ತವೆ. ಕಲ್ಕತ್ತೆಯಲ್ಲಿ ಸಿಸಿರ್ ಕುಮಾರ್ ಮಿತ್ರ ಎಂಬ ವಿಜ್ಞಾನಿ ಬಾಳಿನ ಬಹುಭಾಗ ಆ ಮೇಲಿನ ಗಾಳಿಯನ್ನೇ ಅಭ್ಯಾಸ ಮಾಡಿದರು. ಹಳ್ಳಿಯ ಹುಡುಗ ಕೇಳಿದ ಮಾತು ಅಂಥ ದೊಡ್ಡವರ ಕೆಲಸದ ಬಾಗಿಲಿಗೇ ಹೋಗಿ ನಿಲ್ಲುವಂಥದ್ದಾಗಿತ್ತು. ಆ ದಿನ ಅದನ್ನು ಯಾರಾದರೂ ನನಗೆ ಹೇಳಿದ್ದರೆ!

ರೇಡಿಯೋವೇ ಹುಟ್ಟಿಸಿದ ಪ್ರಶ್ನೆ ಅದು, ರೇಡಿಯೋವೇ ಉತ್ತರಿಸಬಹುದಾಗಿತ್ತು. ಮಕ್ಕಳ ಪ್ರಶ್ನೆಗೆ ಕಿವಿಯ ದಾರಿಯಲ್ಲಿ ಉತ್ತರ ಕೊಡುವ ಕೆಲಸ ಎಲ್ಲಿಂದ ಹೊರಟು ನಮ್ಮ ಯಾದಗಿರಿ, ಶಹಾಪುರ, ಸುರಪುರಗಳವರೆಗೆ ಹೇಗೆ ಬಂತು ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ.

ಬಾಯಿಮಾತಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವುದು ರೇಡಿಯೋಗಿಂತ ನೂರು ವರ್ಷ ಹಳೆಯದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಕ್ರಿಸ್ಮಸ್ ಉಪನ್ಯಾಸಗಳು ಮೊದಲಾದವು. ಮೈಕೆಲ್ ಫ್ಯಾರಡೆ ಅಲ್ಲಿ ಒಂದೇ ಒಂದು ಮೇಣದ ಬತ್ತಿ ಹಚ್ಚಿಟ್ಟು, ಅದು ಯಾಕೆ ಉರಿಯುತ್ತದೆ, ಉರಿದದ್ದು ಎಲ್ಲಿ ಹೋಗುತ್ತದೆ ಎಂಬುದರಿಂದಲೇ ರಸಾಯನ ವಿಜ್ಞಾನವನ್ನೆಲ್ಲ ಬಿಚ್ಚಿಟ್ಟರು. 1922ರಲ್ಲಿ ಬಿಬಿಸಿ ಹುಟ್ಟಿದ ಕೆಲವೇ ವಾರಗಳಲ್ಲಿ ಅದರ ಮಕ್ಕಳ ವೇಳೆಯೂ ಶುರುವಾಯಿತು.

ನಮ್ಮ ಕನ್ನಡದ ಮೊದಲ ಬಾನುಲಿ 1935ರಲ್ಲಿ ಮೈಸೂರಿನ ಒಂದು ಮನೆಯೊಳಗೆ ಹುಟ್ಟಿತು. ಅದನ್ನು ಹುಟ್ಟುಹಾಕಿದವರು ಎಂ.ವಿ. ಗೋಪಾಲಸ್ವಾಮಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮುಂದೆ ಇಡೀ ದೇಶವೇ ತನ್ನದಾಗಿಸಿಕೊಂಡ ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ಬಾನುಲಿಯದು. ಆದರೆ ಆಗ ಸಗರನಾಡು, ಅಂದರೆ ನಮ್ಮ ಸುರಪುರ, ಶಹಾಪುರಗಳ ಸೀಮೆ, ನಿಜಾಮರ ರಾಜ್ಯದಲ್ಲಿತ್ತು. ಹೈದರಾಬಾದಿನ ರೇಡಿಯೋ ಹೆಚ್ಚಾಗಿ ಉರ್ದುವಿನಲ್ಲಿ ಮಾತಾಡುತ್ತಿತ್ತು, ಸಾಲಿಯೂ ಉರ್ದುವಿನದೇ. ಮನೆಯಲ್ಲಿ ಕನ್ನಡ ಆಡುವ ಕೂಸಿನ ಪ್ರಶ್ನೆಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು? ಹೈದರಾಬಾದಿನ ಆ ರೇಡಿಯೋ 1950ರಲ್ಲಿ ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು. ಕಲಬುರಗಿಗೇ ಒಂದು ಕೇಂದ್ರ ಬಂದದ್ದು 1966ರಲ್ಲಿ. ಈ ಭಾಗದ ಹೊಲ, ಅಂಗಡಿ, ಅಡುಗೆಮನೆಗಳಲ್ಲಿ ಮೊದಲ ಸಲ ನಮ್ಮಂತೆ ಮಾತಾಡುವವರ ದನಿ ಪೆಟ್ಟಿಗೆಯೊಳಗಿಂದ ಕೇಳಿತು.

ಆ ಕಾಲದ ಮಕ್ಕಳ ಕಾರ್ಯಕ್ರಮಗಳ ಮೇಲೆ ನನಗೆ ಬಹಳ ಪ್ರೀತಿ. ಹಾಡು, ಕಥೆ, ನಾಟಕ ಎಲ್ಲ ಇತ್ತು. ವಿಜ್ಞಾನವೂ ಇತ್ತು, ಆದರೆ ಅದು ದೊಡ್ಡವರ ಭಾಷಣವಾಗಿ ಬರುತ್ತಿತ್ತು. ಬಲ್ಲವರು ಹೇಳುವರು, ಮಕ್ಕಳು ಕೇಳುವರು. ‘ಕೇಳು’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ ಉಂಟು: ಕಿವಿಗೊಡು ಎಂಬುದು ಒಂದು, ಪ್ರಶ್ನೆ ಮಾಡು ಎಂಬುದು ಇನ್ನೊಂದು. ಬಾನುಲಿ ಬಹಳ ದಿನ ಮೊದಲನೆಯದನ್ನಷ್ಟೇ ಹಿಡಿದುಕೊಂಡಿತ್ತು. ಎರಡನೆಯದಕ್ಕೆ ದಾರಿ ಸಿಗಲು ಮತ್ತೆ ಹಲವು ದಶಕ ಬೇಕಾದವು.

ಪ್ರಶ್ನೆಯ ಕಡೆಗಿನ ಒಲವು ಕನ್ನಡದಲ್ಲಿ ಮೊದಲು ಅಚ್ಚಿನಲ್ಲಿ ಕಾಣಿಸಿತು. ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲಪ್ರಪಂಚ’ ಬರೆದು ಮಕ್ಕಳ ಮುಂದೆ ಜಗತ್ತನ್ನು ಹರವಿದರು. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಹೊರಟಿತು, ಜೆ.ಆರ್. ಲಕ್ಷ್ಮಣರಾಯರಂಥವರು ಅದಕ್ಕೆ ದುಡಿದರು. ಮೂಢನಂಬಿಕೆಯ ವಿರುದ್ಧ ಬಾಳಿಡೀ ನಿಂತ ಎಚ್. ನರಸಿಂಹಯ್ಯನವರು ‘ಪ್ರಶ್ನಿಸದೆ ಒಪ್ಪಬೇಡಿ’ ಎಂಬುದನ್ನೇ ಊರೂರಿಗೂ ಸಾರಿದರು. ದೂರದರ್ಶನದಲ್ಲಿ ಪ್ರೊಫೆಸರ್ ಯಶಪಾಲರು ‘ಟರ್ನಿಂಗ್ ಪಾಯಿಂಟ್’ ಕಾರ್ಯಕ್ರಮದಲ್ಲಿ ವೀಕ್ಷಕರ ಪ್ರಶ್ನೆಗಳನ್ನು ಅವರ ಪಕ್ಕ ಕೂತವರಂತೆ ಬಿಡಿಸುತ್ತಿದ್ದರು. ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ’ ಎನ್ನಲು ಅವರು ಎಂದೂ ನಾಚಲಿಲ್ಲ.

1990ರ ದಶಕದ ಮೊದಲಲ್ಲಿ ಆದ ಒಂದು ಕೆಲಸವನ್ನು ಮಾತ್ರ ನಿಂತು ನೋಡಲೇಬೇಕು. ಆಕಾಶವಾಣಿಯೂ ಕೇಂದ್ರ ಸರ್ಕಾರದ ವಿಜ್ಞಾನ ಸಂವಹನ ಪರಿಷತ್ತೂ ಕೂಡಿ, ಮನುಷ್ಯ ಹೇಗೆ ಮನುಷ್ಯನಾದ ಎಂಬ ಬಗ್ಗೆ ನೂರಕ್ಕೂ ಹೆಚ್ಚು ಕಂತುಗಳ ಸರಣಿಯನ್ನು ಹದಿನೆಂಟು ಭಾಷೆಗಳಲ್ಲಿ ಬಿತ್ತರಿಸಿದವು. ದೇಶದ ತುಂಬ ಸುಮಾರು ಒಂದು ಲಕ್ಷ ಮಕ್ಕಳು, ಹತ್ತು ಸಾವಿರ ಶಾಲೆಗಳು ಕೇಳುಗರಾಗಿ ಹೆಸರು ಬರೆಸಿದ್ದರು. ಚಿತ್ರ, ಮಾಹಿತಿ ಅಂಚೆಯಲ್ಲಿ ಅವರಿಗೆ ಹೋಗುತ್ತಿತ್ತು.

ಆ ಸರಣಿಯನ್ನು ನೆನೆದಾಗಲೆಲ್ಲ ನನಗೆ ಹುಣಸಗಿ ಕಣ್ಣಮುಂದೆ ಬರುತ್ತದೆ. ಆಗ ಅದು ಸುರಪುರ ತಾಲ್ಲೂಕಿನಲ್ಲಿತ್ತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಹುಣಸಗಿ, ಬೈಚಬಾಳ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಜಾಲಾಡಿ, ಆದಿಮಾನವರ ನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಅವರಿಗೆ ಸಿಕ್ಕಿದ್ದು ಕಲ್ಲಿನ ಕಾರ್ಖಾನೆ: ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಕೆತ್ತಿ, ಕೈಗೊಡಲಿ ಮಾಡಿದ ಜಾಗ. ಅದರ ವಯಸ್ಸು ಸುಮಾರು ಹನ್ನೆರಡು ಲಕ್ಷ ವರ್ಷ ಎಂದು ಲೆಕ್ಕ ಬಂದಿದೆ. ನಮ್ಮಂಥ ಮನುಷ್ಯರು ಹುಟ್ಟುವುದಕ್ಕೂ ಎಷ್ಟೋ ಮುಂಚಿನ ಕೈಗಳ ಕೆಲಸ ಅದು. ಒಂದು ಕಡೆ ರೇಡಿಯೋದಲ್ಲಿ ಮಾನವನ ಕಥೆ. ಇನ್ನೊಂದು ಕಡೆ ದನ ಕಾಯುವ ಹುಡುಗನ ಕಾಲಕೆಳಗೇ ಆ ಕಥೆಯ ಕಲ್ಲು. ಎರಡನ್ನೂ ಜೋಡಿಸಿ, ‘ತಮ್ಮಾ, ಆಫ್ರಿಕಾದ ಕಥಿ ಅಷ್ಟೇ ಅಲ್ಲ ಇದು, ನಿಮ್ಮ ಹಳ್ಳದ ದಂಡ್ಯಾಗಿಂದೂ ಹೌದು’ ಎಂದು ಹೇಳುವ ಒಂದು ದನಿ ಬೇಕಾಗಿತ್ತು. ದಿಲ್ಲಿಯಲ್ಲಿ ಬರೆದ ಕಂತು ಎಷ್ಟೇ ಚೆನ್ನಾಗಿದ್ದರೂ ಈ ಹಳ್ಳದ ದಂಡೆಯವರೆಗೆ ತಾನಾಗಿ ಬರಲಾರದು.

ಮುಂದಿನ ಹೆಜ್ಜೆ ರೇಡಿಯೋ ಪಾಠಗಳದು. 2000ದ ನಂತರ ನಮ್ಮ ರಾಜ್ಯದ ಶಿಕ್ಷಣ ಇಲಾಖೆಯ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’ ಕಾರ್ಯಕ್ರಮಗಳು ಸರ್ಕಾರಿ ಸಾಲಿಗಳಿಗೆ ಬಂದವು. ಮಕ್ಕಳನ್ನು ಮಾತಿಗೆಳೆಯುವ ಇಂಥ ಪಾಠಗಳಿಗೆ ಮೂಲ ನಿಕರಾಗುವಾ ದೇಶದಲ್ಲಿ 1974ರಲ್ಲಿ ಶುರುವಾದ ಗಣಿತದ ರೇಡಿಯೋ ಪಾಠ. ಅದರ ಗುಟ್ಟು ಒಂದು ಸಣ್ಣ ಮೌನ. ರೇಡಿಯೋ ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಾಗುತ್ತದೆ. ಆ ಹೊತ್ತಿನಲ್ಲಿ ಮಕ್ಕಳು ಜೋರಾಗಿ ಉತ್ತರ ಹೇಳಬೇಕು. ಆದರೂ ಪ್ರಶ್ನೆ ರೇಡಿಯೋದ್ದೇ ಆಗಿತ್ತು, ಕೂಸಿನದಲ್ಲ.

ಕೂಸಿನ ಪ್ರಶ್ನೆ ಗಾಳಿಗೆ ಬಂದದ್ದು ಮೊಬೈಲು ಬಂದ ಮೇಲೆ. ಅಮೆರಿಕದ ವರ್ಮಾಂಟ್ ರಾಜ್ಯದ ಸಾರ್ವಜನಿಕ ರೇಡಿಯೋ 2016ರಲ್ಲಿ ‘ಬಟ್ ವೈ’ ಎಂಬ ಕಾರ್ಯಕ್ರಮ ಹೊರತಂದಿತು: ಮಕ್ಕಳು ಫೋನಿನಲ್ಲಿ ಪ್ರಶ್ನೆ ಮುದ್ರಿಸಿ ಕಳಿಸುತ್ತಾರೆ, ಮೊದಲು ಆ ದನಿ, ಆಮೇಲೆ ಬಲ್ಲವರ ಉತ್ತರ. ಕನ್ನಡದಲ್ಲಿ ಮೈಸೂರಿನ ವಿಜ್ಞಾನ ಲೇಖಕ ಕೊಳ್ಳೇಗಾಲ ಶರ್ಮ ಅವರು ‘ಜಾಣಸುದ್ದಿ’ ಎಂಬ ಧ್ವನಿಪತ್ರಿಕೆ ಕಟ್ಟಿ ವಾಟ್ಸಾಪಿನಲ್ಲಿ ಹಂಚಿದರು. ಹೊಸ ಸಂಶೋಧನೆಯ ಸುದ್ದಿಯ ಜೊತೆಗೆ ಮಕ್ಕಳ ಪ್ರಶ್ನೆಗೂ ಅಲ್ಲಿ ಬಾಗಿಲು ತೆರೆಯಿತು. ಅದಕ್ಕೆ ಸ್ಟುಡಿಯೋ ಬೇಡ, ಗೋಪುರ ಬೇಡ. ಶಿಕ್ಷಕಿಯೊಬ್ಬರ ಫೋನು, ಊಟದ ಬಿಡುವು, ಸುತ್ತ ಕೂತ ಹುಡುಗರು, ಇಷ್ಟಿದ್ದರೆ ಸಾಕು.

ನಮ್ಮ ಜಿಲ್ಲೆಗೆ ಇದು ಯಾಕೆ ದೊಡ್ಡ ಮಾತು ಎಂದರೆ, 2009ರ ಕೊನೆಗೆ ಹುಟ್ಟಿದ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇಕಡಾ 52ರ ಆಸುಪಾಸು. ರಾಜ್ಯದಲ್ಲೇ ಕಡಿಮೆ. ಮಗಳು ಪುಸ್ತಕ ತಂದರೆ ಅವ್ವ ಓದಲಾರಳು. ಮಗಳು ಫೋನಿನಲ್ಲಿ ಉತ್ತರ ಹಾಕಿದರೆ ರೊಟ್ಟಿ ಬಡಿಯುತ್ತಲೇ ಅವ್ವನೂ ಕೇಳುತ್ತಾಳೆ. ಅವ್ವನೂ ಒಂದು ಪ್ರಶ್ನೆ ಹಾಕುತ್ತಾಳೆ!

ಪ್ರಶ್ನೆಗೆ ಉತ್ತರ ಸಿಗದ ಮನೆಯಲ್ಲಿ ಭಯ ಬಂದು ಕೂರುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ಹೋಗುತ್ತದೆಂದು ನಂಬಿ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಹೆತ್ತವರು ಕ್ರೂರಿಗಳಲ್ಲ; ಮಕ್ಕಳು ನೆಟ್ಟಗಾಗಲಿ ಎಂಬ ಆಸೆಯಲ್ಲೇ ಹಾಗೆ ಮಾಡಿದರು. ಗ್ರಹಣ ಎಂದರೆ ಚಂದ್ರನ ನೆರಳು ಎಂದು, ನಂಬುವ ದನಿಯಲ್ಲಿ, ಮುಂಚೆಯೇ ಅವರಿಗೆ ಯಾರೂ ಹೇಳಿರಲಿಲ್ಲ. ಆ ಚಿತ್ರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಇನ್ನು ಉತ್ತರ ಹೇಳುವ ಬಗೆ. ಪುಸ್ತಕದಲ್ಲಿ ಚಿತ್ರ ಬರೆಯಬಹುದು, ಕಿವಿಗೆ ಚಿತ್ರ ಇಲ್ಲ. ಆದರೆ ಕಿವಿಗೇ ಹೇಳಿ ಮಾಡಿಸಿದ ಪ್ರಶ್ನೆಗಳಿವೆ. ಯಾದಗಿರಿ ಸ್ಟೇಷನ್ನಿನ ಬಳಿ ಬೆಳೆದ ಮಕ್ಕಳಿಗೆಲ್ಲ ಗೊತ್ತು: ನಿಲ್ಲದೆ ಓಡುವ ರೈಲು ಬರುವಾಗ ಸೀಟಿ ಸಣ್ಣ ದನಿ, ದಾಟಿ ಹೋದಾಗ ದಪ್ಪ ದನಿ. ಯಾಕ? ಆ ಸೀಟಿಯನ್ನು ಮುದ್ರಿಸಿ ಮೊದಲು ಕೇಳಿಸಬೇಕು. ಆಮೇಲೆ ಹೇಳಬೇಕು: ರೈಲು ತನ್ನ ದನಿಯ ಹಿಂದೆಯೇ ಓಡಿ ಬರುವುದರಿಂದ ಮುಂದಿನ ಅಲೆಗಳು ಒತ್ತೊತ್ತಾಗಿ ಕಿವಿಗೆ ಬಡಿಯುತ್ತವೆ, ದನಿ ಸಣ್ಣದಾಗುತ್ತದೆ, ಹಿಂದಿನವು ಹಿಗ್ಗುತ್ತವೆ, ದನಿ ದಪ್ಪಗಾಗುತ್ತದೆ. ಡಾಪ್ಲರ್ ಎಂಬ ವಿಜ್ಞಾನಿ 1842ರಲ್ಲಿ ಇದನ್ನು ಲೆಕ್ಕದಲ್ಲಿ ಹೇಳಿದರು. 1845ರಲ್ಲಿ ಹಾಲೆಂಡಿನಲ್ಲಿ ಬೈಸ್ ಬ್ಯಾಲಟ್ ಎಂಬವರು ತುತ್ತೂರಿ ಊದುವವರನ್ನೇ ರೈಲಿಗೆ ಹತ್ತಿಸಿ, ಹಳಿಯ ಪಕ್ಕ ಸಂಗೀತ ಬಲ್ಲವರನ್ನು ನಿಲ್ಲಿಸಿ ಪರೀಕ್ಷೆ ಮಾಡಿದರು. ಈ ಕಥೆ ಹೇಳಿದರೆ ಕಣ್ಣರಳಿಸದ ಹುಡುಗನನ್ನು ನಾನು ಕಂಡಿಲ್ಲ.

ಮತ್ತೊಂದು: ‘ಮಿಂಚು ಮೊದಲ ಕಾಣ್ತದ, ಗುಡುಗು ಆಮ್ಯಾಲ ಕೇಳ್ತದ, ಎದಕ?’ ಬೆಳಕು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತದೆ. ಶಬ್ದ ಒಂದು ಕಿಲೋಮೀಟರು ನಡೆಯಲು ಮೂರು ಸೆಕೆಂಡು ತಗೊಳ್ಳುತ್ತದೆ. ಮಿಂಚಿದಾಗಿನಿಂದ ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ದೂರ ಎಂಬ ಲೆಕ್ಕ ಕೈಗೆ ಸಿಗುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಹೊಲ ಬಿಟ್ಟು, ಮರ ಬಿಟ್ಟು ಗಟ್ಟಿ ಮನೆಯೊಳಗೆ ಸೇರಬೇಕು. ಮುಂಗಾರಿನ ಮುಂಚೆ ಹೊಲದಲ್ಲಿ ಸಿಡಿಲಿಗೆ ಜೀವ ಹೋದ ಸುದ್ದಿ ಪ್ರತಿ ವರ್ಷ ಕೇಳುವ ಸೀಮೆ ಇದು. ಇಲ್ಲಿ ಈ ಉತ್ತರ ಪರೀಕ್ಷೆಯ ಅಂಕಕ್ಕಲ್ಲ, ಪ್ರಾಣಕ್ಕೆ ಬೇಕು.

ಕಾರ್ಯಕ್ರಮ ಮಾಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ಮಗುವಿನ ಪ್ರಶ್ನೆಯನ್ನು ತಿದ್ದಬೇಡಿ. ‘ಯಾಕ’ ಎಂದರೆ ‘ಏಕೆ’ ಎಂದು ಮತ್ತೆ ಹೇಳಿಸಬೇಡಿ. ತಡವರಿಸಿದ್ದನ್ನು ಕತ್ತರಿಸಬೇಡಿ, ಆ ತಡವರಿಕೆಯಲ್ಲೇ ಕೂಸು ವಿಚಾರ ಮಾಡುವುದು ಕೇಳಿಸುತ್ತದೆ. ಬೆಂಗಳೂರಿನ ವಿಜ್ಞಾನಿ ಸುರಪುರದ ಹುಡುಗಿಯ ದನಿಯನ್ನು ಹಾಗೇ ಕೇಳಿ, ಅವಳ ಹೆಸರು ಹಿಡಿದು ಉತ್ತರ ಹೇಳಿದ ದಿನ ಆ ಹುಡುಗಿ ಅದನ್ನು ಹತ್ತು ಸಲ ಹಾಕಿ ಕೇಳುತ್ತಾಳೆ. ಮನೆಮಂದಿಗೆಲ್ಲ ಕೇಳಿಸುತ್ತಾಳೆ.

ಎಲ್ಲದಕ್ಕೂ ಸಿದ್ಧ ಉತ್ತರ ಇರುವುದಿಲ್ಲ, ಇರಲೂ ಬೇಕಿಲ್ಲ. ಶಹಾಪುರದ ಬಳಿ, ಮಲಗಿದ ಬುದ್ಧನಂತೆ ಕಾಣುವ ಆ ಬೆಟ್ಟದ ಸೀಮೆಯಲ್ಲೇ, ವಿಭೂತಿಹಳ್ಳಿ ಇದೆ. ಅಲ್ಲಿ ಬಯಲಿನ ತುಂಬ ಗುಂಡುಕಲ್ಲುಗಳನ್ನು ಯಾರೋ ಸಾಲು ಹಿಡಿದು ಇಟ್ಟಿದ್ದಾರೆ, ಸಾವಿರಾರು ವರ್ಷದ ಹಿಂದೆ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅವನ್ನು ಕಂಡು ಬರೆದಿಟ್ಟ. ನಮ್ಮ ಕಾಲದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರರಾವ್ ಅವರು, ಆ ಸಾಲುಗಳ ದಿಕ್ಕು ವರ್ಷದ ಕೆಲವು ವಿಶೇಷ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳಿಗೆ ಹೊಂದುವುದನ್ನು ಪರಿಶೀಲಿಸಿದರು. ‘ಇಟ್ಟವರು ಯಾರು? ಅವರಿಗೆ ಹ್ಯಾಂಗ ಗೊತ್ತಾತು?’ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಬರುವ ಡಿಸೆಂಬರ್ 22ರ ಆಸುಪಾಸಿನ ಸಂಜೆ, ಹಗಲು ಅತಿ ಚಿಕ್ಕದಾದ ದಿನ, ಅಲ್ಲಿಗೆ ಹತ್ತಿರದ ಸಾಲಿಯ ಶಿಕ್ಷಕರು ಮಕ್ಕಳನ್ನು ಕರಕೊಂಡು ಹೋಗಿರಿ. ಸಾಲಿನ ಒಂದು ತುದಿಗೆ ನಿಂತು, ಸೂರ್ಯ ಎಲ್ಲಿ ಇಳಿಯುತ್ತಾನೆ ಎಂದು ಅವರೇ ನೋಡಲಿ. ಸೂರ್ಯನ ಕಡೆ ನೇರ ಕಣ್ಣಿಡದಂತೆ ನೋಡಿಕೊಳ್ಳಿರಿ. ನೆರಳು ಬಿದ್ದ ದಿಕ್ಕೇ ಸಾಕು. ಫೋನಿನ ಮುದ್ರಣ ಒತ್ತಿ ಕಲ್ಲಿನ ಮೇಲೆ ಇಟ್ಟುಬಿಡಿರಿ. ಅವರು ಏನೇನು ಕೇಳುತ್ತಾರೋ ಕೇಳಲಿ.